ಮ್ಯಾಂವ್ ಅಂದರೆ ತಿರುಗದ ಹುಡುಗಿ

ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಬಂದ ಹುಡುಗಿ ಮೊದಲ ವಾರವೇ ಫೋನ್ ಮಾಡಿದಳು.

"ಆಂಟಿ, ಈ ಮಕ್ಕಳು ಒಂದ್ ಕಡೆ ಕೂರೋದೇ ಇಲ್ವಲ್ಲ. ನೀವ್ ಹೆಂಗ್ ಕೂರಿಸ್ತಿದ್ರಿ?"

"ನಾನು ಕೂರಿಸ್ತಾನೇ ಇರ್ಲಿಲ್ಲ ಕಣೇ," ಅಂದೆ.

ತಮಾಷೆ ಅಂದುಕೊಂಡು ನಕ್ಕಳು. ನಾನು ನಿಜವನ್ನೇ ಹೇಳಿದ್ದೆ. ಲಗ್ಗೆರೆಯ ಆ ಅಂಗನವಾಡಿಯಲ್ಲಿ ನಾನು ಕಾರ್ಯಕರ್ತೆಯಾಗಿದ್ದಷ್ಟು ಕಾಲವೂ ಮಕ್ಕಳು ಹಾಡು ಹೇಳಿದ್ದು ನಿಂತು, ಕುಣಿದು, ಒಬ್ಬರ ಮೇಲೊಬ್ಬರು ಬಿದ್ದು. ಕೂತದ್ದು ಊಟಕ್ಕೆ ಮಾತ್ರ. ಇದನ್ನು ಫೋನಿನಲ್ಲಿ ವಿವರಿಸುವುದು ಕಷ್ಟ. ಅವಳಿಗೂ, ಅವಳ ಹಾಗೆ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೂ ಇರಲಿ ಎಂದು ಬರೆಯುತ್ತಿದ್ದೇನೆ. ತೂಕ ನೋಡುವುದು, ಮೊಟ್ಟೆ ಹಂಚುವುದು, ಲಸಿಕೆಗೆ ಕರೆಯುವುದು, ಸಮೀಕ್ಷೆಗೆಂದು ಮನೆಮನೆ ಸುತ್ತುವುದು, ಇದೆಲ್ಲ ತರಬೇತಿಯಲ್ಲಿ ಸಿಗುತ್ತದೆ. ನಾನು ಹೇಳಬೇಕೆಂದಿರುವುದು ಹಾಡಿನ ವಿಷಯ.

ನಮ್ಮದು ಬಾಡಿಗೆಯ ಒಂದು ಕೋಣೆ. ಒಂದು ಗೋಡೆಯ ಆಚೆ ಸೆಲ್ವಂ ಎಂಬುವರ ಪ್ರೆಸ್ ಶಾಪು. ಪೀಣ್ಯದ ಕಾರ್ಖಾನೆಗಳಿಗೆ ತಗಡಿನ ವಾಷರ್ ಒತ್ತಿ ಕೊಡುವ ಕೆಲಸ ಅವರದು. ಬೆಳಗ್ಗೆ ಯಂತ್ರ ಶುರುವಾಯಿತೆಂದರೆ ಧಡ್, ಧಡ್ ಎಂದು ನೆಲವೇ ಅದುರುತ್ತಿತ್ತು. ಗೋಡೆಯ ಮೇಲಿನ ವರ್ಣಮಾಲೆಯ ಚಾರ್ಟು ಮೊಳೆಯಲ್ಲೇ ಕುಣಿಯುತ್ತಿತ್ತು. ಸಹಾಯಕಿ ಪುಟ್ಟಮ್ಮ ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಕಲ್ಲಿಡುತ್ತಿದ್ದಳು, ಇಲ್ಲದಿದ್ದರೆ ಮುಚ್ಚಳ ಜಾರಿ ಕೆಳಗೆ ಬೀಳುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಆ ಸದ್ದನ್ನು ಮೀರಿಸಲು ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡೆ. ಆಮೇಲೆ ಬುದ್ಧಿ ಬಂತು. ಆ ಧಡ್ ಧಡ್ಡನ್ನೇ ತಾಳವಾಗಿ ಇಟ್ಟುಕೊಂಡೆವು. ಹಾಡಿನ ಸಾಲು ಯಂತ್ರದ ಹೊಡೆತಕ್ಕೆ ಸರಿಯಾಗಿ ಬೀಳಬೇಕು. ಮಕ್ಕಳಿಗೆ ಅದು ಎಷ್ಟು ರೂಢಿಯಾಯಿತೆಂದರೆ, ಭಾನುವಾರ ಮನೆಯಲ್ಲಿ ಹಾಡುವಾಗ ಕಾಲಿನಿಂದ ನೆಲ ಗುದ್ದುತ್ತಾರೆ, ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ ಎಂದು ತಾಯಂದಿರು ದೂರು ಹೇಳುತ್ತಿದ್ದರು.

ತರಬೇತಿಯಲ್ಲಿ ಕೊಟ್ಟ ಪುಸ್ತಕದ ಹಾಡುಗಳು ಕೆಟ್ಟವೇನಲ್ಲ. ಕೈ ತೊಳೆಯಬೇಕು, ತರಕಾರಿ ತಿನ್ನಬೇಕು, ಗಿಡ ನೆಡಬೇಕು. ಮಕ್ಕಳು ಹೇಳಿದಂತೆ ಹೇಳುತ್ತಿದ್ದರು, ಮುಗಿದ ಕೂಡಲೇ ಮರೆಯುತ್ತಿದ್ದರು. ಒಂದು ದಿನ ನಮ್ಮಮ್ಮ ಹೇಳುತ್ತಿದ್ದ ಪದವೊಂದನ್ನು ಸುಮ್ಮನೆ ಹೇಳಿದೆ. ನಾನು ಹೇರೋಹಳ್ಳಿಯವಳು. ಅದು ಇನ್ನೂ ಹಳ್ಳಿಯಾಗಿದ್ದಾಗ ಅಮ್ಮ ರಾಗಿ ಕಲ್ಲಿನ ಮುಂದೆ ಕೂತು ನನ್ನನ್ನು ಸುಮ್ಮನಿರಿಸಲು ಹೇಳುತ್ತಿದ್ದ ಪದ. ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಹೋಗಬೇಕು.

ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟೆ
ಗೋಡೆ ಬಂತು ಗೋಡೆ
ಗೋಡೆ ಒಳಗೆ ಕೂತ ಇಲಿಗೆ
ಉದ್ದಿನ ವಡೆ ನೋಡೆ!

ಕೊನೆಗೆ ಎಲ್ಲ ಮುಷ್ಟಿಯೂ ಕುಸಿಯಬೇಕು, ಇಲಿ ಯಾರದೋ ಕಂಕುಳಿಗೆ ನುಗ್ಗಬೇಕು. ಅಂದು ಬಾಗಿಲ ಬಳಿ ಅಮ್ಮನಿಗಾಗಿ ಅಳುತ್ತಾ ನಿಂತಿದ್ದ ಹುಡುಗ ಅಳುತ್ತಲೇ ಬಂದು ತನ್ನ ಮುಷ್ಟಿಯನ್ನೂ ಮೇಲಿಟ್ಟ. ಆಗ ನನಗೊಂದು ವಿಷಯ ತಿಳಿಯಿತು. ಮಗುವಿಗೆ ಹಾಡಿನ ಅರ್ಥ ಬೇಕಿಲ್ಲ, ಕೈಗೆ ಕೆಲಸ ಬೇಕು, ಕೊನೆಯಲ್ಲಿ ಏನಾಗುತ್ತದೆ ಎಂದು ಮೊದಲೇ ಗೊತ್ತಿರಬೇಕು.

ಅಲ್ಲಿಂದ ನಾನು ಅಜ್ಜಿಯರ ಹಿಂದೆ ಬಿದ್ದೆ. ಮಗುವನ್ನು ಬಿಡಲು ಬರುವ ಅಜ್ಜಿಯನ್ನು ತಡೆದು, "ನಿಮ್ಮ ಕಡೆ ಮಕ್ಕಳನ್ನ ಆಡ್ಸೋಕೆ ಏನ್ ಹೇಳ್ತೀರಿ?" ಎಂದು ಕೇಳುವುದು. ಮೊದಲು ಎಲ್ಲರೂ, "ನಂಗೇನ್ ಬತ್ತದವ್ವಾ," ಅನ್ನುತ್ತಾರೆ. ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿ ನೀವು ಈ ಕಡೆ ತಿರುಗಿಕೊಂಡರೆ ತಾನಾಗಿ ಬರುತ್ತದೆ. ಎದುರಿಗೆ ಕೂತು ಹೇಳಿ ಎಂದರೆ ಬರುವುದಿಲ್ಲ. ತುಮಕೂರಿನದು, ಮಂಡ್ಯದದು, ರಾಯಚೂರಿನದು, ಎಲ್ಲ ಕಡೆಯವೂ ಹೀಗೆ ಆ ಕೋಣೆಗೆ ಬಂದವು.

ಇದರಿಂದ ಒಮ್ಮೆ ಪೇಚಿಗೂ ಸಿಕ್ಕಿದ್ದೇನೆ. ನಮ್ಮ ಮೇಲ್ವಿಚಾರಕಿ ಶಾರದಾ ಮೇಡಂ ಒಮ್ಮೆ ಮೇಲಿನ ಅಧಿಕಾರಿಯೊಬ್ಬರನ್ನು ತಪಾಸಣೆಗೆ ಕರೆತಂದರು. ಸ್ವಲ್ಪ ದಪ್ಪ ಆಳು. ನಮ್ಮ ಬಾಗಿಲು ಕಿರಿದು, ಒಂದು ರೆಕ್ಕೆ ಸದಾ ಮುಚ್ಚಿರುತ್ತಿತ್ತು. ಅವರು ಅಡ್ಡ ತಿರುಗಿ ಒಳಗೆ ಬರುವಷ್ಟರಲ್ಲಿ ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಶುರು ಮಾಡಿದಳು. ಉಳಿದವರು ಬಿಡುತ್ತಾರೆಯೇ?

ಗುಡಾಣ ಹೊಟ್ಟೆ ಗುಂಡಣ್ಣ
ಎಷ್ಟು ತಿಂದೆ ಇಡ್ಲಿ?
ಬಾಗಿಲು ಸಣ್ಣ, ಹೊಟ್ಟೆ ದೊಡ್ಡ,
ಹೆಂಗೆ ಒಳಗೆ ಬಿಡ್ಲಿ?

ಪುಟ್ಟಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಒಲೆಯ ಕಡೆ ತಿರುಗಿಬಿಟ್ಟಳು. ಶಾರದಾ ಮೇಡಂ ಮುಖ ಕೆಂಪಾಯಿತು. ಅಧಿಕಾರಿ ನಗಲಿಲ್ಲ, ಬೈಯಲೂ ಇಲ್ಲ. "ಇದು ಯಾವ ಪುಸ್ತಕದಲ್ಲಿದೆ?" ಎಂದು ಕೇಳಿದರು. ಪುಸ್ತಕದಲ್ಲಿಲ್ಲ ಸಾರ್, ಮಾಗಡಿ ಕಡೆಯ ಒಬ್ಬ ಅಜ್ಜಿಯದು ಅಂದೆ. ಮರುವಾರ ಮೇಡಂ ಒಬ್ಬರೇ ಬಂದು, "ನೋಡಿ ಜಯಮ್ಮ, ಇನ್ಮೇಲೆ ಪುಸ್ತಕದ್ದು ಬಿಟ್ಟು ಬೇರೇದು ಬೇಡ. ನಿಮ್ ಜೊತೆ ನಾನೂ ಉಗಿಸ್ಕೋಬೇಕಾಗುತ್ತೆ," ಎಂದು ಕಟ್ಟುನಿಟ್ಟಾಗಿ ಹೇಳಿ ಹೋದರು.

ಮೇಡಂ ಮಾತಿನಲ್ಲಿ ತಪ್ಪಿರಲಿಲ್ಲ. ಅವರ ಮೇಲೂ ಒತ್ತಡವಿತ್ತು. ಅದೇ ಹೊತ್ತಿಗೆ ಬೀದಿಗೊಂದು ಕಾನ್ವೆಂಟ್ ಬಂದಿತ್ತು. "ನಿಮ್ಮಲ್ಲಿ ಇಂಗ್ಲಿಷ್ ರೈಮ್ಸ್ ಹೇಳ್ಕೊಡಲ್ವಾ?" ಎಂದು ಕೇಳಿ ತಾಯಂದಿರು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿದ್ದರು. ನಾನೂ ಇಂಗ್ಲಿಷ್ ರೈಮ್ಸ್ ಕಲಿತೆ, ಕಲಿಸಿದೆ. ಇನ್ನೊಂದು ಕಡೆ ಮೊಬೈಲ್ ಬಂತು. ಹಾಜರಿ, ತೂಕ, ಊಟ ಎಲ್ಲವನ್ನೂ ಫೋನಿಗೆ ತುಂಬಬೇಕು. ಮಕ್ಕಳು ಮನೆಯಲ್ಲಿ ಫೋನ್ ನೋಡುತ್ತಾ ಊಟ ಮಾಡಿ ರೂಢಿಯಾಗಿ, ನಮ್ಮಲ್ಲಿಗೆ ಬಂದರೆ ತಟ್ಟೆಯ ಮುಂದೆ ಕೂತು ಏನೋ ಶುರುವಾಗಲಿ ಎಂದು ಕಾಯುವವರಂತೆ ಗೋಡೆ ನೋಡುತ್ತಿದ್ದರು. ಹಾಗಂತ ಆಟದ ಪದಗಳನ್ನು ನಾನು ಪೂರ್ತಿ ಬಿಡಲಿಲ್ಲ. ತಪಾಸಣೆಯ ದಿನ ಪುಸ್ತಕ, ಉಳಿದ ದಿನ ಎರಡೂ. ಪುಟ್ಟಮ್ಮ ಬಾಗಿಲಲ್ಲಿ ಕಾವಲು.

ಇಂಥ ಹೊತ್ತಿನಲ್ಲಿ ಬಂದವಳು ಸೃಷ್ಟಿ.

ಯಾದಗಿರಿ ಕಡೆಯವರು. ಅಪ್ಪ ಹಣಮಂತ ಬೈಕಿನಲ್ಲಿ ಊಟದ ಡೆಲಿವರಿ ಮಾಡುತ್ತಿದ್ದ. ತಾಯಿ ರೇಣುಕಾ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಮಗುವನ್ನು ಕರೆತರುತ್ತಿದ್ದದ್ದು ಅಜ್ಜಿ ಶರಣಮ್ಮ. ಎತ್ತರದ ಹೆಂಗಸು, ದೊಡ್ಡ ಕುಂಕುಮ, ಮುಂದಿನ ಹಲ್ಲುಗಳಿಲ್ಲ. ಮೊದಲ ದಿನವೇ ಅವರನ್ನು ಪದ ಕೇಳಿದೆ. ಉಳಿದವರಂತೆ ನಾಚಿಕೊಳ್ಳದೆ ಬೀದಿಯಲ್ಲೇ ನಿಂತು ಕೈತಟ್ಟಿ ಹೇಳಿದರು.

ಸಜ್ಜಿ ರೊಟ್ಟಿ ಸಣ್ಣಗ ತಟ್ಟಿ
ಅಜ್ಜಿ ಕೊಟ್ಟಾಳ ನನಗ
ಕಟಕಟ ಕಡದು ನಾನ ತಿಂದೇನಿ
ಹಲ್ಲ ಎಲ್ಯಾವ ನಿನಗ?

ನಮ್ಮ ಮಕ್ಕಳಿಗೆ ಸಜ್ಜೆಯೂ ಗೊತ್ತಿಲ್ಲ, "ಎಲ್ಯಾವ" ಅಂದರೆ "ಎಲ್ಲಿವೆ" ಎಂಬುದೂ ಗೊತ್ತಿಲ್ಲ. ಆದರೂ ಎರಡೇ ದಿನದಲ್ಲಿ ಕೋಣೆಯೆಲ್ಲ ಅದೇ ಪದ. ಶರಣಮ್ಮ ಬಾಗಿಲಿಗೆ ಬಂದರೆ ಸಾಕು, ಎಲ್ಲರೂ ಸೇರಿ, "ಹಲ್ಲ ಎಲ್ಯಾವ ನಿನಗ?" ಎಂದು ಕೂಗುತ್ತಿದ್ದರು. ಅವರು ಬೊಚ್ಚು ಬಾಯಿ ತೆರೆದು ತೋರಿಸುತ್ತಿದ್ದರು.

ಕೂಗದೆ ಇದ್ದವಳು ಸೃಷ್ಟಿ ಒಬ್ಬಳೇ. ಅವಳಿಗೆ ಮೂರೂವರೆ ದಾಟಿತ್ತು. ಒಂದು ಮಾತೂ ಇಲ್ಲ. ಏನಾದರೂ ಬೇಕಿದ್ದರೆ ಕೈ ಹಿಡಿದು ಎಳೆಯುತ್ತಿದ್ದಳು, ಸಿಟ್ಟು ಬಂದರೆ ಒಂದೇ ಸಮ ಕಿರುಚುತ್ತಿದ್ದಳು. ಕೈಸನ್ನೆಯ ಹಾಡಿಗೆ ಮಾತ್ರ ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತಿದ್ದಳು. ಅವಳ ಕೈ ಉಳಿದವರ ಕೈಗಿಂತ ಒಂದು ಗಳಿಗೆ ತಡವಾಗಿ ಏಳುತ್ತಿತ್ತು ಎಂಬುದು ನನ್ನ ಗಮನಕ್ಕೆ ಬಂದಿತ್ತು. ಪುಟ್ಟ ಮಗು, ಕಲಿಯುತ್ತಾಳೆ ಅಂದುಕೊಂಡೆ.

ಕಿವಿಯ ಅನುಮಾನ ನಮಗ್ಯಾರಿಗೂ ಬರಲಿಲ್ಲ. ಅದಕ್ಕೆ ಕಾರಣ ಆ ಪ್ರೆಸ್ಸು. ಬೆಳಗ್ಗೆ ಯಂತ್ರ ಶುರುವಾದ ಕೂಡಲೇ ಸೃಷ್ಟಿ ಕೈಯಲ್ಲಿದ್ದ ಆಟಿಕೆ ಬಿಟ್ಟು ಗೋಡೆಯ ಹತ್ತಿರ ಓಡುತ್ತಿದ್ದಳು. ಗೋಡೆಗೆ ಅಂಗೈ ಒತ್ತಿ, ಕೆನ್ನೆ ಒತ್ತಿ ನಗುತ್ತಿದ್ದಳು. ಅಷ್ಟು ಸಲೀಸಾಗಿ ಸದ್ದಿನ ಕಡೆ ತಿರುಗುವ ಮಗುವಿಗೆ ಕಿವಿ ಕೇಳಿಸುವುದಿಲ್ಲ ಎಂದು ಯಾರಿಗೆ ಹೊಳೆಯುತ್ತದೆ? ಮಾತಿನ ಬಗ್ಗೆ ಕೇಳಿದರೆ ಶರಣಮ್ಮ, "ಇಕಿ ಅಪ್ಪನೂ ತಡಾ ಮಾಡೇ ಮಾತಾಡ್ಯಾನ್ರಿ. ಈಗ ನೋಡ್ರಿ, ಸುಮ್ ಕುಂಡ್ರಂದ್ರ ಕುಂಡ್ರೂದಿಲ್ಲ," ಅನ್ನುತ್ತಿದ್ದರು.

ಒಂದು ದಿನ ಬೆಳಗ್ಗೆ ಕರೆಂಟ್ ಹೋಯಿತು. ಪ್ರೆಸ್ ನಿಂತಿತು. ಆ ಕೋಣೆಯಲ್ಲಿ ಅಂಥ ನಿಶ್ಶಬ್ದ ಅಪರೂಪ. ಸಣ್ಣ ದನಿಯ ಆಟ ಆಡಲು ಸರಿಯಾದ ಹೊತ್ತೆಂದು ಬೆಕ್ಕಿನ ಆಟ ತೆಗೆದೆ. ಒಬ್ಬರು ಬೆಕ್ಕು, ಮಧ್ಯೆ ಕಣ್ಣು ಮುಚ್ಚಿ ಕೂರಬೇಕು. ಉಳಿದವರು ಸುತ್ತ ನಿಂತು ಪದ ಹೇಳಬೇಕು.

ಬೆಕ್ಕೇ ಬೆಕ್ಕೇ ಕಣ್ಣು ಮುಚ್ಕೋ
ಬೆನ್ನ ಹಿಂದೆ ಯಾರು?
ಹಾಲು ಕುಡಿದು ಮ್ಯಾಂವ್ ಅಂದೋರ
ಹೆಸರು ಹೇಳು ಜೋರು!

ಹಿಂದಿನಿಂದ ಒಬ್ಬರು ಮ್ಯಾಂವ್ ಎನ್ನುತ್ತಾರೆ. ಬೆಕ್ಕು ತಿರುಗಿ ಯಾರೆಂದು ಹೇಳಬೇಕು, ಮಾತು ಬಾರದಿದ್ದರೆ ಬೆರಳು ತೋರಿಸಿದರೂ ಆಯಿತು. ಸೃಷ್ಟಿಯ ಸರದಿ ಬಂತು. ಕಣ್ಣು ಮುಚ್ಚಿ, ತುಟಿಯಲ್ಲಿ ನಗು ಹಿಡಿದು ಕೂತಳು. ಹಿಂದೆ ಹುಡುಗನೊಬ್ಬ ಮ್ಯಾಂವ್ ಅಂದ. ಅವಳು ಹಾಗೇ ಕೂತಿದ್ದಳು. ಇನ್ನೊಬ್ಬಳು ಜೋರಾಗಿ ಅಂದಳು. ಅದಕ್ಕೂ ಅಲುಗಲಿಲ್ಲ. ಮಕ್ಕಳೆಲ್ಲ ಒಟ್ಟಾಗಿ ಸೂರು ಹಾರುವಂತೆ ಕೂಗಿದರು. ಸೃಷ್ಟಿ ಅದೇ ನಗು ಹಿಡಿದು, ತನ್ನ ಆಟ ಇನ್ನೇನು ಶುರುವಾಗುತ್ತದೆ ಎಂಬಂತೆ ಕೂತಿದ್ದಳು.

"ಮಿಸ್, ಇವಳು ಆಟಾನೇ ಆಡ್ತಿಲ್ಲ," ಎಂದು ಮಕ್ಕಳು ದೂರಿದರು.

ಪುಟ್ಟಮ್ಮ ಸೌಟು ತಂದು ಅವಳ ಬೆನ್ನ ಹಿಂದೆ ತಟ್ಟೆಗೆ ಬಡಿದಳು. ಏನೂ ಇಲ್ಲ. ಅಷ್ಟರಲ್ಲಿ ಕರೆಂಟ್ ಬಂತು, ಪಕ್ಕದಲ್ಲಿ ಧಡ್ ಎಂದಿತು. ಸೃಷ್ಟಿ ಫಕ್ಕನೆ ಕಣ್ಣು ತೆರೆದು ಗೋಡೆಯ ಕಡೆ ತಿರುಗಿದಳು.

"ಅಯ್ಯೋ, ಕೇಳ್ಸುತ್ತಲ್ಲಕ್ಕಾ! ಸುಮ್ನೆ ಹಟ ಮಾಡ್ತಾ ಅವ್ಳೆ," ಅಂದಳು ಪುಟ್ಟಮ್ಮ.

ನನ್ನ ಕಣ್ಣು ಮಗುವಿನ ಕಾಲಿನ ಮೇಲಿತ್ತು. ಬರಿಗಾಲು ನೆಲಕ್ಕೆ ಅಂಟಿಕೊಂಡಿತ್ತು. ಮಕ್ಕಳನ್ನು ಮಲಗಿಸುವ ಜಮಖಾನೆಗಳನ್ನೆಲ್ಲ ಮಡಿಸಿ ಒಂದರ ಮೇಲೊಂದು ಹಾಕಿ, ಸೆಲ್ವಂ ಅವರ ಬಳಿ ಹೋಗಿ ಸ್ವಲ್ಪ ಹೊತ್ತು ಯಂತ್ರ ನಿಲ್ಲಿಸಿ ಮತ್ತೆ ಶುರು ಮಾಡಿ ಎಂದು ಕೇಳಿಕೊಂಡೆ. ಸೃಷ್ಟಿಯನ್ನು ಆ ಮೆತ್ತೆಯ ಮೇಲೆ ಕಣ್ಣು ಮುಚ್ಚಿ ಕೂರಿಸಿದೆ. ಯಂತ್ರ ಹೊಡೆಯತೊಡಗಿತು. ಚಾರ್ಟು ಕುಣಿಯಿತು. ಅವಳು ತಿರುಗಲಿಲ್ಲ.

ಪುಟ್ಟಮ್ಮನ ಕೈಯಲ್ಲಿ ಸೌಟು ಹಾಗೇ ಇತ್ತು. ನಾನು ಮಗುವನ್ನು ಎತ್ತಿಕೊಂಡೆ.

ಹೊಸಬರಿಗೆ ಒಂದು ಮಾತು. ಇಂಥದ್ದು ಕಂಡಾಗ ನಾವು ವೈದ್ಯರಲ್ಲ, ಹೆಸರಿಡಲು ಹೋಗಬಾರದು. ಆದರೆ ಕಂಡದ್ದನ್ನು ಮನೆಯವರಿಗೆ ಹೇಳದೆ ಇರಲೂ ಬಾರದು. ನಾನು ಎಷ್ಟೋ ಎಚ್ಚರದಿಂದ ಹೇಳಿದೆ ಅಂದುಕೊಂಡೆ. ಸಂಜೆ ಮಗುವನ್ನು ಕರೆದೊಯ್ಯಲು ಅಂದು ಹಣಮಂತನೇ ಬಂದಿದ್ದ, ಹೆಲ್ಮೆಟ್ ಕೂಡ ತೆಗೆದಿರಲಿಲ್ಲ.

"ಹಣಮಂತ, ಮಗೂನ ಒಂದ್ಸಲ ಕಿವಿ ಡಾಕ್ಟರಿಗೆ ತೋರಿಸೋಣ. ಹಿಂದಿಂದ ಕರೆದ್ರೆ ತಿರುಗ್ತಾ ಇಲ್ಲ."

ಅವನ ಮುಖ ಬಿಗಿಯಿತು. "ನನ್ನ ಮಗಳಿಗೆ ಕಿವುಡಿ ಅಂತೀರೇನ್ರಿ? ಮಿಶೀನ್ ಸಪ್ಪಳ ಆದ್ರ ಓಡ್ತಾಳಂತ ನೀವ ಹೇಳಿದ್ರಿ."

"ಅದು ಸಪ್ಪಳಕ್ಕಲ್ಲ, ನೆಲ ಅದುರೋದಕ್ಕೆ."

"ಊರಾಗ ಇಂಥಾ ಮಾತು ಹೊಂಟ್ರ ನಾಳಿ ಇಕಿ ಗತಿ ಏನ್ರಿ? ನಾಳಿಂದ ಕಳ್ಸಂಗಿಲ್ಲ ಬಿಡ್ರಿ."

ಮಗುವನ್ನು ಬೈಕಿನ ಮುಂದೆ ಕೂರಿಸಿಕೊಂಡು ಹೋಗಿಬಿಟ್ಟ. ಅವಳು ತಿರುಗಿ ಟಾಟಾ ಮಾಡಿದಳು.

ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮನೆಗೆ ಹೋದೆ. ಶರಣಮ್ಮ ಬಾಗಿಲಲ್ಲೇ ನಿಂತು, "ಅಂವಾ ಬ್ಯಾಡ ಅಂದಾನ್ರಿ ಮಿಸ್ಸಾರ," ಎಂದು ಕಣ್ಣು ತಪ್ಪಿಸಿದರು. ಒಳಗೆ ರೇಣುಕಾ ಮಗುವಿನ ತಲೆ ಬಾಚುತ್ತಿದ್ದಳು. ನನ್ನನ್ನು ನೋಡಿ ಮತ್ತೆ ಬಾಚತೊಡಗಿದಳು. ಶಾರದಾ ಮೇಡಂಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ, ಬೆಕ್ಕಿನ ಆಟ ಆಡಿಸಿದ್ದನ್ನೂ ಸೇರಿಸಿ. ಬೈಗುಳ ಬರುತ್ತದೆ ಎಂದು ಕಾದೆ. "ಬಲವಂತ ಮಾಡ್ಬೇಡಿ. ಆದ್ರೆ ಬಿಡ್ಲೂಬೇಡಿ. ವಯಸ್ಸು ದಾಟಿದಷ್ಟೂ ಮಾತು ಬರೋದು ಕಷ್ಟ ಆಗುತ್ತೆ. ಅವ್ರು ಒಪ್ಪಿದ ದಿನ ನಂಗೆ ಹೇಳಿ, ನಾನೂ ಬರ್ತೀನಿ," ಅಂದರು.

ಹೇಳಿದ್ದು ಸರಿಯೇ ಇರಬಹುದು, ಆದರೆ ನಾನು ಹೇಳಿದ್ದರಿಂದಲೇ ಮಗು ಮನೆಯಲ್ಲಿ ಕೂತಿತ್ತು.

ಒಂದು ಸೋಮವಾರ ಬಾಗಿಲು ತೆರೆಯುವ ಮೊದಲೇ ಹಣಮಂತ ಹೊರಗೆ ನಿಂತಿದ್ದ. ಈ ಸಲ ಹೆಲ್ಮೆಟ್ ಕೈಯಲ್ಲಿತ್ತು. ಮಗು ಅವನ ಕಾಲನ್ನು ಅಪ್ಪಿಕೊಂಡಿತ್ತು.

"ನಿನ್ನಿ ಓಣ್ಯಾಗ ಕುಂತು ಮಣ್ಣಾಗ ಆಡಾಕತ್ತಿದ್ಲು ಮಿಸ್ಸಾರ. ನಾನು ಗಾಡಿ ಹಿಂದ ನಿಲ್ಸಿ ಹಾರ್ನ್ ಹೊಡದೆ. ಒತ್ತಿದ ಕೈ ಬಿಡ್ಲಿಲ್ಲ, ಹೊಡದೇ ಹೊಡದೆ. ಮ್ಯಾಲಿನ ಮನ್ಯಾವ್ರು ಬೈಯಾಕ ಹೊರಗ ಬಂದ್ರು. ಮಲಗಿದ್ದ ನಾಯಿ ಎದ್ದು ಹೋತು." ಅವನು ಹೆಲ್ಮೆಟ್ಟನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. "ಇಕಿ ಏಳ್ಲಿಲ್ರಿ."

"ಒಳಗೆ ಬಾರಪ್ಪ," ಅಂದೆ.

"ದಿನಾ ರಾತ್ರಿ ಮನಿಗೆ ಬಂದಾಗ ಗಾಡಿ ಸಪ್ಪಳ ಕೇಳಿ ಬಾಗಲಿಗೆ ಬರ್ತಾಳ ಅನ್ಕೊಂಡಿದ್ದೆ. ನನ್ನ ಗಾಡಿ ಲೈಟು ಕಿಡಕ್ಯಾಗ ಬೀಳ್ತೈತ್ರಿ. ಅದಕ್ಕ ಬರ್ತಿದ್ಲು." ಇಷ್ಟು ಹೇಳಿ ಅವನು ಅತ್ತುಬಿಟ್ಟ. ಪುಟ್ಟಮ್ಮ ನೀರು ತಂದು ಕೊಟ್ಟಳು.

ಮೇಡಂ ಮಾತಿಗೆ ತಪ್ಪಲಿಲ್ಲ. ಆಸ್ಪತ್ರೆಗೆ ಅವರೇ ಮುಂದೆ ನಿಂತು ಕರೆದೊಯ್ದರು. ಯಾವ ಕೌಂಟರಿನಲ್ಲಿ ಚೀಟಿ, ಯಾವ ಮಹಡಿಯಲ್ಲಿ ಪರೀಕ್ಷೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ನಾನೊಬ್ಬಳೇ ಆಗಿದ್ದರೆ ಅರ್ಧ ದಿನ ವರಾಂಡದಲ್ಲೇ ಕಳೆಯುತ್ತಿದ್ದೆ. ಸದ್ದಿಲ್ಲದ ಕೋಣೆಯೊಂದರಲ್ಲಿ ಸೃಷ್ಟಿಯನ್ನು ತಾಯಿಯ ತೊಡೆಯ ಮೇಲೆ ಕೂರಿಸಿ ಪರೀಕ್ಷೆ ಮಾಡಿದರು. ಎರಡು ಕಿವಿಯೂ ಬಹಳ ಮಂದ, ಪೂರ್ತಿ ಇಲ್ಲವೆಂದೇನಲ್ಲ. ಕಿವಿಗೆ ಯಂತ್ರ ಹಾಕಿದರೆ ಮಾತು ಬರುವ ಸಾಧ್ಯತೆಯಿದೆ, ಆದರೆ ಯಂತ್ರದಿಂದಲೇ ಮಾತು ಬರುವುದಿಲ್ಲ, ಕಲಿಸಬೇಕು ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದರು. ಚಿಕ್ಕ ವಯಸ್ಸಿನವರು, ಬಹಳ ನಿಧಾನವಾಗಿ ಮಾತಾಡುತ್ತಿದ್ದರು. ಅಂಗನವಾಡಿಯಲ್ಲಿ ಏನು ಹೇಳಿಕೊಡುತ್ತೀರಿ ಎಂದು ಕೇಳಿದರು. ನಾನು ಮೇಡಂ ಕಡೆ ನೋಡಿದೆ.

"ಹೇಳ್ರೀ, ಆ ರೊಟ್ಟಿದು ಹೇಳಿ," ಅಂದರು ಶಾರದಾ ಮೇಡಂ.

ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಸಜ್ಜಿ ರೊಟ್ಟಿ ಹೇಳಿದೆ. ಡಾಕ್ಟರಮ್ಮ ಪೂರ್ತಿ ಕೇಳಿ, "ಚೆನ್ನಾಗಿದೆ. ಆದ್ರೆ ನೀವು ಕೊನೇ ಪದಾನೂ ನೀವೇ ಹೇಳಿಬಿಡ್ತೀರಿ. ಅದನ್ನ ಬಿಡಿ. ಮುಖ ನೋಡ್ತಾ ಸುಮ್ನೆ ಕಾಯಿರಿ. ಅವಳು ಹೇಳಲಿ," ಅಂದರು. ಅಷ್ಟು ವರ್ಷ ಹಾಡಿಸಿದ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಕಿವಿ ಚೆನ್ನಾಗಿರುವ ಮಕ್ಕಳಿಗೂ ಇದು ಒಳ್ಳೆಯ ಪಾಠವೆಂದು ಆಮೇಲೆ ಕಂಡುಕೊಂಡೆ.

ಕಿವಿಯ ಯಂತ್ರ ಬಂದ ಮೇಲೆ ಎಲ್ಲ ಸರಿಹೋಯಿತು ಎಂದು ಯಾರೂ ತಿಳಿಯಬೇಡಿ. ಮೊದಲ ದಿನ ಯಂತ್ರ ಹಾಕಿಕೊಂಡು ಬಂದಾಗ ಪ್ರೆಸ್ ಶುರುವಾಯಿತು. ಅದುವರೆಗೆ ಗೋಡೆಗೆ ಕೆನ್ನೆ ಒತ್ತಿ ನಗುತ್ತಿದ್ದ ಮಗು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಚೀರಿತು. ಯಂತ್ರ ಕಿತ್ತು ಎಸೆಯಿತು. ಆಮೇಲೆ ದಿನವೂ ಅದನ್ನು ಹುಡುಕುವುದೇ ನಮಗೊಂದು ಕೆಲಸವಾಯಿತು. ಒಮ್ಮೆ ಕಸದ ಬುಟ್ಟಿ, ಒಮ್ಮೆ ಚಪ್ಪಲಿಯೊಳಗೆ. ಒಂದು ದಿನ ಪುಟ್ಟಮ್ಮ ತೊಗರಿಬೇಳೆ ಆರಿಸುತ್ತಾ, "ಅಕ್ಕಾ, ಇದ್ನ ಬೇಯ್ಸಿದ್ರೆ ಸಾರಿಗೂ ಕಿವಿ ಕೇಳ್ಸೋದು," ಎಂದು ಎತ್ತಿ ತೋರಿಸಿದಳು. ಉಳಿದ ಮಕ್ಕಳಿಗೆ ಆ ಯಂತ್ರ ಕಂಡು ಹೊಟ್ಟೆಕಿಚ್ಚು. ಕಡಲೆಕಾಯಿ ಸಿಪ್ಪೆ ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದರು. ಬೈದು ತೆಗೆಸಿದೆ. ಆದರೆ ಅಂದಿನಿಂದ ಸೃಷ್ಟಿ ಯಂತ್ರ ಎಸೆಯುವುದು ಕಡಿಮೆಯಾಯಿತು, ಬೇರೆಯವರು ಆಸೆಪಡುವ ವಸ್ತು ಎಂದು ಗೊತ್ತಾಯಿತೇನೋ.

ಉಳಿದದ್ದು ಪ್ರೆಸ್ಸಿನ ಸದ್ದು. ಸೆಲ್ವಂ ಅವರ ಬಳಿ ಹೋದೆ. "ಆರ್ಡರ್ ಇದೆ ಅಕ್ಕ, ಮಿಶೀನ್ ನಿಲ್ಸಿದ್ರೆ ನಂಗೆ ಕಷ್ಟ," ಅಂದರು. ಅದೂ ನಿಜ. ಆಮೇಲೆ ಅವರೇ ಯೋಚಿಸಿ, "ಹುಡುಗರು ಟೀ ಕುಡಿಯೋ ಟೈಮಲ್ಲಿ ಎಲ್ಲಾ ಆಫ್ ಇರುತ್ತೆ. ಆಗ ಮಾಡ್ಕೊಳ್ಳಿ. ಬೇಕಾದ್ರೆ ಅವರು ಸ್ವಲ್ಪ ಜಾಸ್ತಿ ಟೀ ಕುಡೀಲಿ," ಅಂದರು. ಹೀಗೆ ನಮ್ಮ ಹಾಡಿನ ಹೊತ್ತು ಬದಲಾಯಿತು. ಎಷ್ಟೋ ಕಾಲ ಯಂತ್ರದ ತಾಳಕ್ಕೆ ಹಾಡಿದವರು ಈಗ ಯಂತ್ರ ನಿಂತಾಗ ಹಾಡತೊಡಗಿದೆವು. ನನ್ನ ದನಿ ತಾನಾಗಿ ತಗ್ಗಿತು. ಪ್ರೆಸ್ಸಿನ ಹುಡುಗರು ಎಣ್ಣೆ ಕೈಯಲ್ಲಿ ಟೀ ಲೋಟ ಹಿಡಿದು ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೆಲವರು ಮಕ್ಕಳ ಜೊತೆ ತಾವೂ ಹೇಳುತ್ತಿದ್ದರು.

ನಾನು ಬೆಳಕಿಗೆ ಮುಖ ಮಾಡಿ, ಸೃಷ್ಟಿಯನ್ನು ಎದುರಿಗೆ ಕೂರಿಸಿಕೊಂಡು, ಸಾಲು ಹೇಳಿ ಕೊನೆಯ ಪದ ಬಿಟ್ಟು ಕಾಯುವುದು. ಅಜ್ಜಿ ಕೊಟ್ಟಾಳ... ಕಾಯುವುದು. ಹಲ್ಲ ಎಲ್ಯಾವ... ಕಾಯುವುದು. ಕಾಯುವುದು ಹಾಡುವುದಕ್ಕಿಂತ ಕಷ್ಟ. ಬೇರೆ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಪದವನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತಿದ್ದರು, ಪಾಪ. ದಸರಾ ಕಳೆಯಿತು, ದೀಪಾವಳಿ ಕಳೆಯಿತು. ರೇಣುಕಾ ಕೆಲಸಕ್ಕೆ ರಜೆ ಹಾಕಿ ಮಗುವನ್ನು ಮಾತಿನ ತರಬೇತಿಗೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ನಮ್ಮಲ್ಲಿ ಮಾತ್ರ ಸೃಷ್ಟಿ ನನ್ನ ಬಾಯಿ ನೋಡುತ್ತಾಳೆ, ಕೈತಟ್ಟುತ್ತಾಳೆ, ಅಷ್ಟೇ. ಇನ್ನು ಬರುವುದಿಲ್ಲವೇನೋ ಎಂದು ನನಗೆ ಅನ್ನಿಸತೊಡಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಶರಣಮ್ಮ ಮಗುವಿಗೆ ಸ್ವೆಟರ್ ಕೊಡಲು ಬಂದವರು ಬಾಗಿಲಲ್ಲೇ ನಿಂತಿದ್ದರು. ನಾನು, "ಹಲ್ಲ ಎಲ್ಯಾವ..." ಎಂದು ನಿಲ್ಲಿಸಿದೆ. ಸೃಷ್ಟಿ ನನ್ನನ್ನು ಬಿಟ್ಟು ಅಜ್ಜಿಯ ಕಡೆ ತಿರುಗಿ, ಬೆರಳು ಚಾಚಿ, ದಪ್ಪ ದನಿಯಲ್ಲಿ, "ನನಗ!" ಅಂದಳು. ನಿನಗ ಎನ್ನುವ ಬದಲು ನನಗ. ತಪ್ಪೇ. ಶರಣಮ್ಮ ಸ್ವೆಟರನ್ನು ಎದೆಗೆ ಒತ್ತಿಕೊಂಡು, "ಹೌದವ್ವಾ, ನಿನಗ, ಎಲ್ಲಾ ನಿನಗ ತಗೋ," ಎಂದು ನೆಲದ ಮೇಲೆ ಕೂತುಬಿಟ್ಟರು. ಟೀ ಕುಡಿಯುತ್ತಿದ್ದ ಹುಡುಗರು ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಪುಟ್ಟಮ್ಮ ಅಂದು ಎಲ್ಲರಿಗೂ ಎರಡೆರಡು ಸಲ ಊಟ ಬಡಿಸಿದಳು.

ಅಲ್ಲಿಂದ ಒಂದೊಂದೇ ಪದ ಬಂತು. "ಸ" ಮಾತ್ರ ಬರಲಿಲ್ಲ. ಆ ಸದ್ದು ಬಹಳ ಸಣ್ಣದು, ಅಂಥ ಕಿವಿಗೆ ಸುಲಭವಾಗಿ ಸಿಕ್ಕುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅವಳ ಬಾಯಲ್ಲಿ ಸಜ್ಜಿ ರೊಟ್ಟಿ "ಅಜ್ಜಿ ರೊಟ್ಟಿ" ಆಗಿತ್ತು. ತನ್ನ ಹೆಸರನ್ನು "ಉಟ್ಟಿ" ಅನ್ನುತ್ತಿದ್ದಳು. ನನಗೆ "ಮಿಟ್" ಅನ್ನುತ್ತಿದ್ದಳು. ಬೀದಿಯ ಮಕ್ಕಳು ಅದನ್ನು ಆಡಿಕೊಂಡರೆ ಅವಳು ಹೊಡೆಯಲು ಹೋಗುತ್ತಿದ್ದಳು. ಶಾಲೆಯ ವಯಸ್ಸಾದಾಗ ನಮ್ಮಲ್ಲಿ ಬಿಟ್ಟು ಹತ್ತಿರದ ಸರ್ಕಾರಿ ಶಾಲೆಗೆ ಸೇರಿದಳು. ಹೋಗುವ ದಿನವೂ "ಮಿಟ್, ಟಾಟಾ" ಅಂದೇ ಹೋದಳು. ನಾನು ನಿವೃತ್ತಳಾದೆ. ಅವರು ಮನೆ ಬದಲಿಸಿದರು. ಒಂದೆರಡು ಸಲ ರೇಣುಕಾ ಫೋನ್ ಮಾಡಿದ್ದಳು, ಆಮೇಲೆ ನಂಬರು ತಪ್ಪಿಹೋಯಿತು.

ಕಳೆದ ತಿಂಗಳು ಹೊಸ ಹುಡುಗಿಗೆ ಒಂದೆರಡು ಆಟ ತೋರಿಸಿ ಬರೋಣವೆಂದು ಲಗ್ಗೆರೆಗೆ ಹೋಗಿದ್ದೆ. ವಾಪಸು ಸುಮನಹಳ್ಳಿಯಲ್ಲಿ ಇಳಿದು ಮಾಗಡಿ ರಸ್ತೆಯ ಬಸ್ಸು ಹಿಡಿಯಬೇಕು. ಬಸ್ಸು ನಿಂತಿತ್ತು. ಓಡಿದೆ. ನನ್ನ ಮಂಡಿ ಎಷ್ಟು ಓಡುತ್ತದೆ? ಕೈ ಬೀಸುತ್ತಾ ಓಡುವಷ್ಟರಲ್ಲಿ ಬಾಗಿಲು ಮುಚ್ಚಿ ಹೊರಟೇಬಿಟ್ಟಿತು. ಏದುಸಿರು ಬಿಡುತ್ತಾ ನಿಂತಿದ್ದೆ. ಹಿಂದಿನಿಂದ ಯಾರೋ ಹುಡುಗಿ ದಪ್ಪ ದನಿಯಲ್ಲಿ ಹಾಡಿದಂತೆ ಹೇಳಿದಳು.

ಮಿಸ್ಸಿಗೆ ಬಸ್ಸು ಮಿಸ್ಸು
ಓಡಿ ಓಡಿ ಉಸ್ಸು!

ತಿರುಗಿ ನೋಡಿದರೆ ಹಣಮಂತನ ಬೈಕು. ಹಿಂದಿನ ಸೀಟಿನಲ್ಲಿ ಶಾಲೆಯ ಯೂನಿಫಾರ್ಮ್, ಎರಡು ಜಡೆ, ಎರಡು ಕಿವಿಯಲ್ಲೂ ಯಂತ್ರ. ಹಣಮಂತ ನಾಚಿಕೆಯಿಂದ, "ಏ, ಮಿಸ್ಸಾರಿಗೆ ಹಂಗ ಅಂತಾರೇನ? ಬೈಕೋಬ್ಯಾಡ್ರಿ ಮಿಸ್ಸಾರ, ದಿನಾ ಇಂಥಾವ ಕಟ್ತಾಳ, ಯಾರ್ನೂ ಬಿಡಂಗಿಲ್ಲ," ಅಂದ. ಅವನಿಗೆ ಗೊತ್ತಾಗಿತ್ತೋ ಇಲ್ಲವೋ. ಆ ಎರಡು ಸಾಲಿನಲ್ಲಿ ಇದ್ದದ್ದೆಲ್ಲ ಸ.

"ಇನ್ನೊಂದ್ಸಲ ಹೇಳೇ," ಅಂದೆ.

ಸೃಷ್ಟಿ ಬೈಕಿನಿಂದ ಇಳಿದು, ಸೊಂಟಕ್ಕೆ ಕೈ ಇಟ್ಟು, ಇನ್ನೂ ಜೋರಾಗಿ ಹೇಳಿದಳು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟರಲ್ಲಿ ನಮ್ಮ ಕಡೆಯ ಇನ್ನೊಂದು ಬಸ್ಸು ಬಂದು ನಿಂತಿತು. ಅದನ್ನೂ ಬಿಟ್ಟೆ.